ಮ್ಯಾನೇಜರುಗಳು ಒಟ್ಟಾಗಿ ಕಲಿಯಲು ಐದು ದಾರಿಗಳು: ಬೌದ್ಧ ಪ್ರಜ್ಞೆಯ ಅಳತೆಗೋಲಿನಲ್ಲಿ ಒಂದು ಹೋಲಿಕೆ

ಬೆಂಗಳೂರಿನ ಕಂಪನಿಯೊಂದು ತನ್ನ ಮ್ಯಾನೇಜರುಗಳನ್ನು ಒಟ್ಟಿಗೆ ಕೂರಿಸಿ ಕಲಿಕೆಗೆ ಹಚ್ಚಬೇಕೆಂದು ಹೊರಟರೆ ಅದರ ಮುಂದೆ ಮುಖ್ಯವಾಗಿ ಐದು ದಾರಿಗಳಿರುತ್ತವೆ. ಒಂದು ಪಠ್ಯವನ್ನು ಹಿಡಿದು ಕೂಡಿ ಓದುವ ಬಳಗ. ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದರ ಪ್ರಕರಣ ಚರ್ಚೆಯ ಕೋರ್ಸು. ಪ್ರತಿಯೊಬ್ಬರೂ ತಮ್ಮ ಕೆಲಸದ ತೊಡಕನ್ನೇ ತಂದು ಮುಂದಿಡುವ ಸಮಾನರ ಸಣ್ಣ ವೃತ್ತ. ಹತ್ತು ದಿನಗಳ ಧ್ಯಾನ ಶಿಬಿರ. ಕಂಪನಿಯೊಳಗಿನವರೇ ಕುಳಿತು ಒಬ್ಬರ ಕುಂದನ್ನು ಇನ್ನೊಬ್ಬರು ಹೇಳುವ ಸಭೆ. ಆರಿಸುವವರು ಸಾಮಾನ್ಯವಾಗಿ ನೋಡುವುದು ಶುಲ್ಕ, ಎಷ್ಟು ದಿನದ ರಜೆ, ಕೊನೆಯಲ್ಲಿ ಪ್ರಮಾಣಪತ್ರ ಸಿಗುತ್ತದೆಯೇ ಎಂಬ ಮೂರು ಸಂಗತಿಗಳನ್ನು. ಬೌದ್ಧ ಪರಂಪರೆ ಪ್ರಜ್ಞೆ ಎಂದು ಕರೆದ ವಿವೇಕವನ್ನು ಈ ಐದರಲ್ಲಿ ಯಾವುದು ಎಷ್ಟರ ಮಟ್ಟಿಗೆ ಬೆಳೆಸುತ್ತದೆ ಎಂಬುದನ್ನು ನೋಡಿ ಆರಿಸುವುದು ಹೇಗೆ ಎನ್ನುವುದು ಈ ಬರಹದ ವಿಷಯ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಮೇಲು. ಬೇರೆ ಬೇರೆ ಸಂಸ್ಥೆಗಳಿಂದ ಬಂದ ಐದಾರು ಮಂದಿಯ ಸಣ್ಣ ವೃತ್ತವೇ ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಧ್ಯಾನ ಶಿಬಿರವು ಪ್ರಜ್ಞೆಗೆ ಅತಿ ಹತ್ತಿರದ ದಾರಿಯೆಂದು ಕಂಡರೂ ಅದು ಒಟ್ಟಾಗಿ ಕಲಿಯುವ ದಾರಿಯಲ್ಲ, ಮತ್ತು ಅದನ್ನು ಕಂಪನಿ ಆರಿಸಿ ಕಳುಹಿಸುವುದು ಸರಿಯೂ ಅಲ್ಲ.

ಅಳತೆಗೋಲು ಯಾವುದು

ಐದನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಬೌದ್ಧ ಪಂಡಿತ ಬುದ್ಧಘೋಷರು ರಚಿಸಿದ ವಿಸುದ್ಧಿಮಗ್ಗವೆಂಬ ಪಾಲಿ ಗ್ರಂಥದಲ್ಲಿ ವ್ಯಾಪಾರಸ್ಥರಿಗೆ ತಟ್ಟನೆ ಹಿಡಿಸುವ ಒಂದು ಉಪಮೆ ಇದೆ. ಚಿನಿವಾರನ ಹಲಗೆಯ ಮೇಲೆ ನಾಣ್ಯಗಳ ರಾಶಿ ಬಿದ್ದಿದೆ. ಮಗು ಅವುಗಳ ಆಕಾರವನ್ನೂ ಬಣ್ಣವನ್ನೂ ಮಾತ್ರ ನೋಡುತ್ತದೆ. ಹಳ್ಳಿಯಿಂದ ಬಂದವನಿಗೆ ಅವು ಬೆಲೆಬಾಳುವ ವಸ್ತುಗಳೆಂಬುದೂ ಗೊತ್ತು, ಆದರೆ ಯಾವುದು ಅಸಲಿ, ಯಾವುದು ನಕಲಿ, ಯಾವುದು ಅರೆಬೆರಕೆ ಎಂಬುದು ತಿಳಿಯದು. ಚಿನಿವಾರನಾದರೋ ನಾಣ್ಯವನ್ನು ನೋಡಿ, ತಟ್ಟಿ ಸದ್ದು ಕೇಳಿ, ಮೂಸಿ, ನಾಲಿಗೆಗೆ ತಾಗಿಸಿ, ಕೈಯಲ್ಲಿ ತೂಗಿ, ಅದನ್ನು ಯಾವ ಊರಿನಲ್ಲಿ ಯಾವ ಕುಶಲಿ ಮಾಡಿದನೆಂದೂ ಹೇಳಬಲ್ಲ. ಮಗುವಿನದು ಸಂಜ್ಞೆ (ಬರಿಯ ಗುರುತು), ಹಳ್ಳಿಗನದು ವಿಜ್ಞಾನ (ಬಿಡಿಸಿ ತಿಳಿಯುವುದು), ಚಿನಿವಾರನದು ಪ್ರಜ್ಞೆ ಎನ್ನುತ್ತಾರೆ ಬುದ್ಧಘೋಷರು.

ತಿಂಗಳ ವರದಿಯಲ್ಲಿ ಕೆಲಸ ಬಿಟ್ಟವರ ಪ್ರಮಾಣ ಕೆಂಪು ಬಣ್ಣದಲ್ಲಿ ಕಂಡಾಗ ಅದು ಕೆಂಪು ಎಂದು ಗುರುತಿಸುವುದು ಎಲ್ಲರಿಗೂ ಸಾಧ್ಯ. ಅದರಿಂದ ಯಾವ ಪ್ರಾಜೆಕ್ಟು ತಡವಾಗುತ್ತದೆ, ಹೊಸಬರನ್ನು ತರಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವುದು ಅನುಭವವುಳ್ಳ ಮ್ಯಾನೇಜರಿಗೆ ಸಾಧ್ಯ. ಆ ಅಂಕಿ ಯಾವ ಕಾರಣಗಳಿಂದ ಎರಕಗೊಂಡಿತು, ಆ ಕಾರಣಗಳಲ್ಲಿ ತನ್ನ ಕೈಯ ಅಚ್ಚು ಎಲ್ಲಿದೆ ಎಂದು ಕಾಣುವುದು ಮೂರನೆಯ ಬಗೆಯ ಅರಿವು. ತರಬೇತಿಗೆ ಸುರಿಯುವ ಹಣದ ಬಹುಪಾಲು ಎರಡನೆಯ ಮೆಟ್ಟಿಲಿನಲ್ಲೇ ಮುಗಿದುಹೋಗುತ್ತದೆ.

ಪ್ರಜ್ಞೆ ಬರುವ ಬಗೆಯನ್ನೂ ಪಾಲಿ ಗ್ರಂಥಗಳು ಮೂರಾಗಿ ವಿಂಗಡಿಸಿವೆ: ಕೇಳಿ ಓದಿ ಬಂದದ್ದು ಶ್ರುತಮಯ, ತಾನೇ ಯೋಚಿಸಿ ತರ್ಕಿಸಿ ಕಂಡದ್ದು ಚಿಂತಾಮಯ, ರೂಢಿಸಿಕೊಂಡು ಬೆಳೆಸಿಕೊಂಡದ್ದು ಭಾವನಾಮಯ. ಈ ವಿಂಗಡಣೆ ಬರುವುದು ದೀಘನಿಕಾಯ ಎಂಬ ಸಂಗ್ರಹದ ಸಂಗೀತಿ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶದ ಪಾಠ). ಆ ಸುತ್ತದ ಹಿನ್ನೆಲೆಯೂ ನಮ್ಮ ವಿಷಯಕ್ಕೆ ಹತ್ತಿರದ್ದೇ. ನಿಗಂಠ ನಾಥಪುತ್ತನ, ಎಂದರೆ ಜೈನರ ಮಹಾವೀರನ, ಮರಣದ ನಂತರ ಅವನ ಶಿಷ್ಯರು ಒಡೆದು ಜಗಳಕ್ಕೆ ಬಿದ್ದ ಸುದ್ದಿ ಬಂದಾಗ, ನಮಗೂ ಹಾಗಾಗದಿರಲಿ ಎಂದು ಪಾವಾ ಪಟ್ಟಣದ ಸಭಾಭವನದಲ್ಲಿ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತರು ಭಿಕ್ಷುಗಳ ಜೊತೆ ಬೋಧನೆಯ ಅಂಶಗಳನ್ನು ಒಂದರಿಂದ ಹತ್ತರವರೆಗೆ ಗುಂಪುಮಾಡಿ ಕೂಡಿ ಹೇಳಿಕೊಂಡ ಪಟ್ಟಿ ಅದು. ಸಂಸ್ಥಾಪಕ ಹೋದ ಮೇಲೆ ಒಡೆಯುವ ಭಯ ಬೆಂಗಳೂರಿನ ಕುಟುಂಬದ ಉದ್ಯಮಗಳಿಗೆ ಹೊಸದೇನಲ್ಲ.

ಕೋಲಿಗೆ ಇನ್ನೊಂದು ಗೆರೆ ಬೇಕು: ಸಂಗ. ಕಲ್ಯಾಣಮಿತ್ರರ, ಎಂದರೆ ಒಳಿತಿನ ದಾರಿಗೆ ಹಚ್ಚುವ ಗೆಳೆಯರ, ಒಡನಾಟವು ಬ್ರಹ್ಮಚರ್ಯ ಜೀವನದ (ಧರ್ಮಸಾಧನೆಯ ಬಾಳಿನ) ಅರ್ಧ ಭಾಗ ಎಂದು ಶಿಷ್ಯ ಆನಂದ ಹೇಳಿದಾಗ, ಹಾಗೆನ್ನಬೇಡ, ಅದೇ ಇಡೀ ಬ್ರಹ್ಮಚರ್ಯ ಎಂದು ಬುದ್ಧ ತಿದ್ದಿದ ಪ್ರಸಂಗ ಸಂಯುತ್ತನಿಕಾಯ ಎಂಬ ಇನ್ನೊಂದು ಸಂಗ್ರಹದಲ್ಲಿದೆ. ಈ ಮಾತನ್ನು ಬುದ್ಧ ಕೋಸಲದ ಅರಸ ಪಸೇನದಿಗೂ ಹೇಳಿದ್ದುಂಟು. ಅಂದರೆ ಇದು ಕಾಡಿನಲ್ಲಿರುವ ಭಿಕ್ಷುಗಳಿಗಷ್ಟೇ ಅಲ್ಲ, ಆಡಳಿತ ನಡೆಸುವವರಿಗೂ ಹೇಳಿದ ಮಾತು. ಹಾಗಾಗಿ ಐದು ದಾರಿಗಳಲ್ಲಿ ಪ್ರತಿಯೊಂದಕ್ಕೂ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಅದು ಮೂರು ಬಗೆಯ ಪ್ರಜ್ಞೆಗಳಲ್ಲಿ ಯಾವುದನ್ನು ಬೆಳೆಸುತ್ತದೆ? ಅಲ್ಲಿ ಸಿಗುವ ಸಂಗ ಎಂಥದ್ದು?

ಓದುವ ಬಳಗ

ಇದು ಅಗ್ಗದ ದಾರಿ. ಶ್ರುತಮಯ ಪ್ರಜ್ಞೆಗೆ ಚೆನ್ನಾಗಿ ಒದಗುತ್ತದೆ. ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇರುವುದರಿಂದ, ಬೌದ್ಧ ಪಠ್ಯಗಳನ್ನು ಓದಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಆಸರೆಯ ಕೊರತೆಯಿಲ್ಲ. ಮ್ಯಾನೇಜರುಗಳ ಬಳಗವೊಂದು ಓದಲು ತೊಡಗುವುದಾದರೆ ಉದ್ದುದ್ದ ತತ್ತ್ವಗ್ರಂಥಗಳಿಗಿಂತ ಸಿಗಾಲೋವಾದ ಸುತ್ತದಿಂದ ಆರಂಭಿಸುವುದು ಒಳ್ಳೆಯದು. ಗೃಹಸ್ಥನಿಗೆ ಹೇಳಿದ ಆ ಸುತ್ತದಲ್ಲಿ ಒಡೆಯನು ಕೆಲಸದವರಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳಿವೆ: ಶಕ್ತಿಗೆ ತಕ್ಕಂತೆ ಕೆಲಸ ಹಂಚುವುದು, ಊಟ ಮತ್ತು ಸಂಬಳ ಕೊಡುವುದು, ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದು, ವಿಶೇಷವಾದ ತಿನಿಸು ಬಂದಾಗ ಹಂಚಿಕೊಳ್ಳುವುದು, ಕಾಲಕಾಲಕ್ಕೆ ಬಿಡುವು ಕೊಡುವುದು. ಮೊದಲನೆಯದೂ ಕೊನೆಯದೂ ನಮ್ಮ ಐಟಿ ಕಂಪನಿಗಳಲ್ಲಿ ಇಂದಿಗೂ ಬಗೆಹರಿಯದ ವಿಷಯಗಳು ಎಂದರೆ ಓದಿಗೆ ತಾನಾಗಿ ಬಿಸಿ ಬರುತ್ತದೆ.

ಆದರೆ ಬಳಗದ ಮಿತಿ ಬೇಗ ಕಾಣಿಸಿಕೊಳ್ಳುತ್ತದೆ. ಓದಿದ್ದರ ಬಗ್ಗೆ ಮಾತನಾಡುವಾಗ ಎಲ್ಲರೂ ಒಳ್ಳೆಯವರೇ. ಕೇಸಪುತ್ತ ಎಂಬ ಊರಿನ ಕಾಲಾಮ ಜನರಿಗೆ ಬುದ್ಧ ಹೇಳಿದ್ದನ್ನು ಇಂಥ ಬಳಗಗಳಲ್ಲಿ ಬಹಳ ಸಲ ಉಲ್ಲೇಖಿಸುತ್ತಾರೆ, ಆದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಪರಂಪರೆಯಿಂದ ಬಂದಿತೆಂದು, ಗ್ರಂಥದಲ್ಲಿದೆಯೆಂದು, ಹೇಳಿದವನು ನಮ್ಮ ಗುರುವೆಂದು ಒಪ್ಪಬೇಡಿ ಎನ್ನುವುದು ಎಲ್ಲರಿಗೂ ಇಷ್ಟ. ಅದೇ ಪಟ್ಟಿಯಲ್ಲಿ ತರ್ಕಕ್ಕೆ ಕೂಡುತ್ತದೆಂದು, ನಮ್ಮ ನಂಬಿಕೆಗೆ ಹೊಂದುತ್ತದೆಂದು ಒಪ್ಪಬೇಡಿ ಎಂಬ ಮಾತೂ ಇದೆ. ಮತ್ತು ಯಾವುದು ಕುಶಲ (ಒಳ್ಳೆಯದು) ಎಂದು ತಾವೇ ತಿಳಿಯುವ ಬಗೆಯಲ್ಲಿ ವಿವೇಕಿಗಳು ಅದನ್ನು ಮೆಚ್ಚುತ್ತಾರೆಯೇ ಎಂಬ ಪರೀಕ್ಷೆಯೂ ಸೇರಿದೆ. ಸ್ವಂತ ಬುದ್ಧಿಯೊಂದೇ ಸಾಕು ಎಂದು ಆ ಸುತ್ತ ಎಲ್ಲಿಯೂ ಹೇಳುವುದಿಲ್ಲ. ಓದುವ ಬಳಗವನ್ನು ಹೊಸದಾಗಿ ಮ್ಯಾನೇಜರಾದವರಿಗೆ ಆರು ತಿಂಗಳ ಪೀಠಿಕೆಯಾಗಿ ಶಿಫಾರಸು ಮಾಡಬಹುದು. ಹದಿನೈದು ವರ್ಷ ಅನುಭವವಿರುವವರಿಗೆ ಅದು ಒಂದು ಹಿತವಾದ ಸಂಜೆ, ಅಷ್ಟೇ.

ಪ್ರಕರಣ ಚರ್ಚೆ

ಬನ್ನೇರುಘಟ್ಟ ರಸ್ತೆಯ ಐಐಎಂ 1973ರಲ್ಲಿ ಆರಂಭವಾದಾಗಿನಿಂದ ಬೆಂಗಳೂರಿನ ಮ್ಯಾನೇಜರುಗಳಿಗೆ ಪ್ರಕರಣ ಪದ್ಧತಿ ಮನೆಮಾತು. ಅಮೆರಿಕದ ಹಾರ್ವರ್ಡ್‌ನಲ್ಲಿ 1920ರ ದಶಕದಲ್ಲಿ ಗಟ್ಟಿಯಾಗಿ ಬೇರೂರಿದ ಈ ಪದ್ಧತಿಯಲ್ಲಿ, ಯಾವುದೋ ಕಂಪನಿಗೆ ಬಂದ ಇಕ್ಕಟ್ಟಿನ ಕಥೆಯನ್ನು ಓದಿಕೊಂಡು ಬಂದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ವಾದಿಸಬೇಕು. ಚಿಂತಾಮಯ ಪ್ರಜ್ಞೆಗೆ ಇದಕ್ಕಿಂತ ಒಳ್ಳೆಯ ಗರಡಿ ಇಲ್ಲ. ಒಂದೇ ಪುಟದ ಅಂಕಿಗಳನ್ನು ನೋಡಿ ಐವತ್ತು ಮಂದಿ ಐದಾರು ಬಗೆಯ ತೀರ್ಮಾನಕ್ಕೆ ಬರುವುದನ್ನು ಕಂಡವರಿಗೆ ತಮ್ಮ ತೀರ್ಮಾನದ ಮೇಲಿನ ಹಟ ತುಸು ಸಡಿಲವಾಗುತ್ತದೆ. ಬೌದ್ಧರು ದೃಷ್ಟಿಗೆ ಅಂಟಿಕೊಳ್ಳುವುದು ಎಂದು ಕರೆಯುವ ರೋಗಕ್ಕೆ ಇದು ಒಂದು ಮಟ್ಟಿನ ಮದ್ದು.

ಅದರ ದೊಡ್ಡ ಕೊರತೆ ಎಂದರೆ ಪ್ರಕರಣ ಬೇರೆಯವರದ್ದು. ಸಾವಿರಾರು ಮೈಲಿ ದೂರದ ಕಾರ್ಖಾನೆಯೊಂದರ ಮುಖ್ಯಸ್ಥನ ಕುರುಡುತನವನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿಯುವ ಮನುಷ್ಯ, ತನ್ನ ಕಚೇರಿಗೆ ಮರಳಿದ ಮೇಲೆ ಅದೇ ಕುರುಡುತನದಲ್ಲಿ ಆರಾಮವಾಗಿ ಇರಬಲ್ಲ. ಹಾರ್ವರ್ಡ್‌ನ ಕ್ರಿಸ್ ಆರ್ಗಿರಿಸ್ 1991ರಲ್ಲಿ ಬರೆದ ಒಂದು ಹೆಸರಾಂತ ಲೇಖನದಲ್ಲಿ ಇದನ್ನೇ ಗುರುತಿಸಿದ್ದರು: ಚೆನ್ನಾಗಿ ಓದಿದ, ಸೋಲನ್ನು ಅಷ್ಟಾಗಿ ಕಾಣದ ವೃತ್ತಿಪರರು ಸೋಲಿನಿಂದ ಕಲಿಯುವುದನ್ನು ಕಲಿತೇ ಇರುವುದಿಲ್ಲ, ಪ್ರಶ್ನೆ ತಮ್ಮ ಕಡೆಗೆ ತಿರುಗಿದ ಕೂಡಲೇ ಸಮರ್ಥನೆಗೆ ಇಳಿಯುತ್ತಾರೆ. ಕೋರ್ಸಿನ ಶುಲ್ಕ ಲಕ್ಷಗಳಲ್ಲಿ ಇರುವುದರಿಂದ ಕಂಪನಿಯೇ ಕೊಟ್ಟರೆ ಹೋಗಬೇಕು. ಹೊಸ ವಿಭಾಗಕ್ಕೆ, ಹಣಕಾಸಿನ ಅಥವಾ ತಂತ್ರೋಪಾಯದ ಹೊಣೆಗೆ ಏರುವವರಿಗೆ ಅದು ನಿಜಕ್ಕೂ ಬೇಕು. ಜನರನ್ನು ನಡೆಸಿಕೊಳ್ಳುವ ವಿಷಯದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅದರಿಂದ ಉಪಯೋಗ ಕಡಿಮೆ.

ಸಮಾನರ ವೃತ್ತ

ಇದರ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ರೆಗ್ ರೆವನ್ಸ್. ಕೇಂಬ್ರಿಡ್ಜ್‌ನ ಕಾವೆಂಡಿಷ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿಯಾಗಿದ್ದ ಅವರು 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಉದ್ಯಮದ ಶಿಕ್ಷಣದ ಹೊಣೆ ಹೊತ್ತಾಗ, ಗಣಿಗಳ ಮ್ಯಾನೇಜರುಗಳನ್ನು ತರಗತಿಗೆ ಕರೆಯುವ ಬದಲು ಸಣ್ಣ ಸಣ್ಣ ಗುಂಪುಗಳಲ್ಲಿ ಕೂರಿಸಿ, ಒಬ್ಬರ ಸಮಸ್ಯೆಯನ್ನು ಇನ್ನೊಬ್ಬರು ಪ್ರಶ್ನಿಸುವ ಕ್ರಮವನ್ನು ತಂದರು. ಸಿದ್ಧವಾದ ಜ್ಞಾನಕ್ಕೆ ಪ್ರಶ್ನಿಸುವ ಒಳನೋಟ ಸೇರಿದಾಗ ಕಲಿಕೆ ಎಂಬುದು ಅವರ ಸೂತ್ರ. ಗುಂಪಿನ ಸದಸ್ಯರನ್ನು ಅವರು ಸಂಕಟದ ಸಂಗಾತಿಗಳು ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು; ಕಲ್ಯಾಣಮಿತ್ರರೆಂಬ ಕಲ್ಪನೆಗೆ ಅದು ತೀರಾ ದೂರವಲ್ಲ.

ನಿಯಮಗಳು ಸರಳ. ಐದಾರು ಮಂದಿ, ಸಾಧ್ಯವಾದಷ್ಟೂ ಪರಸ್ಪರ ಪೈಪೋಟಿಯಿಲ್ಲದ ಬೇರೆ ಬೇರೆ ಸಂಸ್ಥೆಗಳವರು, ತಿಂಗಳಿಗೊಮ್ಮೆ ಅರ್ಧ ದಿನ ಸೇರುತ್ತಾರೆ. ಒಬ್ಬರು ತಮ್ಮ ಬಗೆಹರಿಯದ ತೊಡಕನ್ನು ಮುಂದಿಡುತ್ತಾರೆ. ಉಳಿದವರು ಸಲಹೆ ಕೊಡುವಂತಿಲ್ಲ, ನಿಜವಾದ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಕೊನೆಗೆ ತೊಡಕು ತಂದವರು ಮುಂದಿನ ತಿಂಗಳೊಳಗೆ ಮಾಡುವ ಒಂದು ಕೆಲಸವನ್ನು ತಾವೇ ಗೊತ್ತುಮಾಡಿಕೊಂಡು ಹೋಗುತ್ತಾರೆ, ಮುಂದಿನ ಸಭೆ ಅದರ ವರದಿಯಿಂದಲೇ ಆರಂಭವಾಗುತ್ತದೆ.

ನಾನು ಕಂಡ ಇಂಥ ಒಂದು ಸಭೆಯಲ್ಲಿ ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ಮುಖ್ಯಸ್ಥರು ಗ್ರಾಹಕರು ವಾಪಸು ಕಳಿಸಿದ ಒಂದು ಲಾಟಿನ ವಿಷಯ ತಂದಿದ್ದರು. ಶಾಫ್ಟುಗಳ ಅಳತೆ ಮಿತಿ ಮೀರಿತ್ತು, ರಾತ್ರಿ ಪಾಳಿಯ ತಪಾಸಣೆಯವರು ಸಹಿ ಹಾಕಿ ಬಿಟ್ಟಿದ್ದರು. ಅವರ ಮಾತಿನ ಸಾರ ಒಂದೇ: ಈಗಿನ ಹುಡುಗರಿಗೆ ಶ್ರದ್ಧೆಯಿಲ್ಲ. ಮೊದಲ ಅರ್ಧ ಗಂಟೆ ಪ್ರಶ್ನೆಗಳು ಗೇಜು, ಸಂಬಳ, ಪಾಳಿಯ ಸುತ್ತ ತಿರುಗಿದವು. ಆಮೇಲೆ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುವ ಒಬ್ಬ ಮಹಿಳೆ ಕೇಳಿದರು: "ಆ ರಾತ್ರಿ ಅವನು ನಿಮಗೆ ಫೋನ್ ಮಾಡಿ, ಈ ಲಾಟನ್ನು ತಡೆಯುತ್ತೇನೆ ಎಂದಿದ್ದರೆ ನೀವು ಏನು ಹೇಳುತ್ತಿದ್ದಿರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು, "ಲಾರಿ ಗೇಟಿನಲ್ಲಿ ನಿಂತಿದೆ ಮಾರಾಯ, ಕಳಿಸು ಅಂತಿದ್ದೆ." ಇನ್ನೊಬ್ಬರು ಕೇಳಿದರು: "ಬೆಳಿಗ್ಗೆ ನೀವು ಕಾರ್ಖಾನೆಗೆ ಕಾಲಿಟ್ಟ ಕೂಡಲೇ ಕೇಳುವ ಮೊದಲ ಪ್ರಶ್ನೆ ಯಾವುದು?" ಉತ್ತರ: "ಎಷ್ಟು ಡಿಸ್ಪ್ಯಾಚ್ ಆಯಿತು ಅಂತ." ಆ ತಿಂಗಳಿಗೆ ಅವರು ಆರಿಸಿಕೊಂಡ ಕೆಲಸ ಚಿಕ್ಕದು. ಬೆಳಗಿನ ಸಭೆಯಲ್ಲಿ ಮೊದಲು ತಪಾಸಣೆಯವರನ್ನು, "ನಿನ್ನೆ ರಾತ್ರಿ ಏನನ್ನು ತಡೆದಿರಿ?" ಎಂದು ಕೇಳುವುದು, ಡಿಸ್ಪ್ಯಾಚಿನ ಲೆಕ್ಕ ಕೊನೆಗೆ. ಮುಂದಿನ ಸಭೆಗೆ ತಂದ ವರದಿಯ ಪ್ರಕಾರ ಮೊದಲ ಕೆಲವು ದಿನ ಯಾರೂ ಬಾಯಿ ಬಿಡಲಿಲ್ಲ, ಇದು ಯಾವುದೋ ಹೊಸ ಬಲೆ ಎಂದುಕೊಂಡರು. ಆಮೇಲೆ ಒಬ್ಬ ಹುಡುಗ ಒಂದು ಟ್ರೇ ಮಾಲನ್ನು ತಡೆದಿಟ್ಟದ್ದನ್ನು ಹೆದರುತ್ತಲೇ ಹೇಳಿದ. ಅದನ್ನು ಅಳೆದು ನೋಡಿದರೆ ಮಾಲು ಸರಿಯಾಗಿಯೇ ಇತ್ತು. "ಸರಿಯಿದ್ದ ಮಾಲನ್ನು ತಡೆದದ್ದಕ್ಕೆ ಬೈಯದೆ ಇರುವುದೇ ನನಗೆ ಆ ತಿಂಗಳ ಅತಿ ಕಷ್ಟದ ಕೆಲಸ" ಎಂದರು ಆ ಮುಖ್ಯಸ್ಥರು.

ಇಲ್ಲಿ ನಡೆದದ್ದನ್ನು ಬೌದ್ಧರ ಮಾತಿನಲ್ಲಿ ಹೇಳುವುದು ಕಷ್ಟವಲ್ಲ. ಇದು ಇದ್ದರೆ ಅದು ಉಂಟಾಗುತ್ತದೆ, ಇದು ಇಲ್ಲವಾದರೆ ಅದು ಇಲ್ಲವಾಗುತ್ತದೆ ಎಂಬ ಪ್ರತೀತ್ಯಸಮುತ್ಪಾದದ ದೃಷ್ಟಿ ತಪ್ಪಿತಸ್ಥನನ್ನು ಹುಡುಕುವುದನ್ನು ಬಿಟ್ಟು ಕಾರಣಗಳ ಕೂಟವನ್ನು ಹುಡುಕುತ್ತದೆ. ಆ ಕೂಟದಲ್ಲಿ ಹುಡುಕುವವನೂ ಒಬ್ಬ. ಇನ್ನು ವರದಿ ಒಪ್ಪಿಸುವ ಕ್ರಮಕ್ಕೆ ಬುದ್ಧ ತನ್ನ ಮಗ ರಾಹುಲನಿಗೆ ಅಂಬಲಟ್ಠಿಕೆಯಲ್ಲಿ ಹೇಳಿದ ಪಾಠವೇ ಆಧಾರವಾಗಬಲ್ಲದು: ಕೆಲಸ ಮಾಡುವ ಮುನ್ನ, ಮಾಡುತ್ತಿರುವಾಗ, ಮಾಡಿದ ಮೇಲೆ ಅದು ತನಗೋ ಪರರಿಗೋ ಕೇಡು ತರುವುದೇ ಎಂದು ಮತ್ತೆ ಮತ್ತೆ ನೋಡಿಕೊಳ್ಳಬೇಕು, ಮಾಡಿದ ಮೇಲೆ ಕೇಡೆಂದು ಕಂಡರೆ ಗುರುವಿನ ಅಥವಾ ವಿವೇಕಿಗಳಾದ ಸಬ್ರಹ್ಮಚಾರಿಗಳ, ಎಂದರೆ ಜೊತೆಗೆ ಸಾಧನೆ ಮಾಡುವವರ, ಮುಂದೆ ಬಿಚ್ಚಿ ಹೇಳಬೇಕು. ತಿಂಗಳುಗಟ್ಟಲೆ ಹೀಗೆ ಮಾಡಿ, ನೋಡಿ, ಹೇಳಿ, ತಿದ್ದಿಕೊಂಡು ರೂಢಿಯಾದದ್ದನ್ನು ಭಾವನಾಮಯವೆಂದು ಕರೆಯಲು ನನಗೆ ಹಿಂಜರಿಕೆಯಿಲ್ಲ. ಪಾಲಿ ಪಂಡಿತರು ಆಕ್ಷೇಪಿಸಬಹುದು; ಅವರ ಅರ್ಥದಲ್ಲಿ ಭಾವನೆ ಎಂದರೆ ಸಮಾಧಿಯಿಂದ ಹದಗೊಂಡ ಚಿತ್ತದ ಸಾಧನೆ, ಮತ್ತು ಅದರ ಗುರಿ ದುಃಖದ ನಿವೃತ್ತಿಯೇ ಹೊರತು ತಿರಸ್ಕೃತವಾಗದ ಶಾಫ್ಟಲ್ಲ. ಆಕ್ಷೇಪ ನ್ಯಾಯವಾದದ್ದೇ. ವೃತ್ತವು ಪ್ರಜ್ಞೆಯ ತುದಿಯನ್ನು ಮುಟ್ಟಿಸುತ್ತದೆಂದು ನಾನು ಹೇಳುತ್ತಿಲ್ಲ. ಐದರಲ್ಲಿ ಅದರ ದಿಕ್ಕಿಗೆ ಒಟ್ಟಾಗಿ ನಡೆಸುವುದು ಇದೇ ಎನ್ನುತ್ತಿದ್ದೇನೆ.

ವೃತ್ತ ಕೆಡುವುದು ಸಾಮಾನ್ಯವಾಗಿ ಎರಡು ರೀತಿಯಲ್ಲಿ. ಒಬ್ಬ ಮಾತುಗಾರ ಗುರುವಿನ ಸ್ಥಾನಕ್ಕೆ ಏರುತ್ತಾನೆ. ಪ್ರಶ್ನೆಯ ವೇಷದಲ್ಲಿ ಸಲಹೆ ಬರತೊಡಗುತ್ತದೆ, ನೀವು ಅವನನ್ನು ವರ್ಗ ಮಾಡುವ ಬಗ್ಗೆ ಯೋಚಿಸಿದ್ದೀರಾ ಎಂಬಂತೆ. ಇದನ್ನು ತಡೆಯಲು ಮೊದಲ ಕೆಲವು ಸಭೆಗಳಿಗೆ ಹೊರಗಿನ ಒಬ್ಬ ನಿರ್ವಾಹಕರಿದ್ದರೆ ಒಳ್ಳೆಯದು. ಎರಡನೆಯದು, ಕಂಪನಿಯವರು ಒಳಗೆ ಏನು ಮಾತಾಯಿತೆಂದು ಟಿಪ್ಪಣಿ ಕೇಳುವುದು. ಕೇಳಿದ ದಿನವೇ ವೃತ್ತ ಮುಗಿಯಿತೆಂದು ತಿಳಿಯಬೇಕು.

ಹತ್ತು ದಿನಗಳ ಶಿಬಿರ

ತುಮಕೂರು ರಸ್ತೆಯ ಆಲೂರಿನ ಧಮ್ಮ ಪಫುಲ್ಲದಲ್ಲಿ ನಡೆಯುವ ವಿಪಶ್ಯನಾ ಶಿಬಿರಗಳ ಹೆಸರು ಕೇಳದ ಮ್ಯಾನೇಜರು ಈ ಊರಿನಲ್ಲಿ ವಿರಳ. ಪರಂಪರೆಯ ಹಿನ್ನೆಲೆಯೂ ಉದ್ಯಮಕ್ಕೆ ಹತ್ತಿರದ್ದು. ಸಯಾಜಿ ಊ ಬಾ ಖಿನ್ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ತಮ್ಮ ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದವರು. ಅವರ ಶಿಷ್ಯ ಎಸ್. ಎನ್. ಗೋಯೆಂಕಾ ಮಂಡಾಲೆಯಲ್ಲಿ ಹುಟ್ಟಿದ ಉದ್ಯಮಿ, ತೀವ್ರವಾದ ಅರೆತಲೆನೋವಿನಿಂದ ಬೇಸತ್ತು ಗುರುವಿನ ಬಳಿ ಹೋದವರು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಬೆಳಗಿನ ನಾಲ್ಕಕ್ಕೆ ಎದ್ದು ದಿನಕ್ಕೆ ಹತ್ತು ಗಂಟೆಯಷ್ಟು ಕುಳಿತು, ಮೊದಲು ಉಸಿರಾಟವನ್ನು, ನಾಲ್ಕನೆಯ ದಿನದಿಂದ ದೇಹದ ಸಂವೇದನೆಗಳನ್ನು ಗಮನಿಸುವ ಈ ಕ್ರಮಕ್ಕೆ ಶುಲ್ಕವಿಲ್ಲ. ಶಿಬಿರ ಪೂರೈಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ.

ಭಾವನಾಮಯ ಪ್ರಜ್ಞೆ ಎಂಬ ಮಾತನ್ನು ಅದರ ಮೂಲ ಅರ್ಥದಲ್ಲಿ ತೆಗೆದುಕೊಳ್ಳುವುದಾದರೆ ಈ ಐದರಲ್ಲಿ ನೇರವಾದ ದಾರಿ ಇದೊಂದೇ. ಸಿಟ್ಟು ಮಾತಾಗುವ ಮೊದಲೇ ಮೈಯಲ್ಲಿ ಹೇಗೆ ಏಳುತ್ತದೆ ಎಂದು ಒಮ್ಮೆ ಕಂಡವರು ಮೀಟಿಂಗಿನಲ್ಲಿ ಅದನ್ನು ಮತ್ತೆ ಗುರುತಿಸುವ ಸಾಧ್ಯತೆ ಹೆಚ್ಚು. ಆದರೆ ಶಿಬಿರದ ಬಹುಪಾಲು ಮೌನ. ಪಕ್ಕದ ಆಸನದಲ್ಲಿ ಕುಳಿತವರೊಂದಿಗೆ ಕಣ್ಣೂ ಸೇರಿಸುವಂತಿಲ್ಲ. ಮೌನಕ್ಕೆ ಅಲ್ಲಿ ಅದರದೇ ಕಾರಣವಿದೆ, ಆದರೆ ಒಂದೇ ಕಂಪನಿಯ ಹನ್ನೆರಡು ಮಂದಿ ಒಟ್ಟಿಗೆ ಹೋಗಿ ಬಂದರೂ ಅವರು ಒಟ್ಟಿಗೆ ಕಲಿತಂತಾಗುವುದಿಲ್ಲ. ಅದಕ್ಕಿಂತ ಮುಖ್ಯವಾದ ತಕರಾರು ಇನ್ನೊಂದಿದೆ. ಶಿಬಿರದ ಮೊದಲ ದಿನವೇ ಸಾಧಕರು ಪಂಚಶೀಲವನ್ನು ಸ್ವೀಕರಿಸುತ್ತಾರೆ; ಶೀಲ, ಸಮಾಧಿ, ಪ್ರಜ್ಞೆ ಎಂಬ ಮೂರರಲ್ಲಿ ಶೀಲವೇ ನೆಲಗಟ್ಟು. ಶೀಲವನ್ನು ಬದಿಗಿಟ್ಟು ಸಮಾಧಿಯನ್ನಷ್ಟೇ ಮಧ್ಯಾಹ್ನದ ಊಟದ ವಿರಾಮದಲ್ಲಿ ಇಪ್ಪತ್ತು ನಿಮಿಷದ ಧ್ಯಾನವಾಗಿ ಹಂಚುವ ಕಂಪನಿಗಳು ಇವೆ. ತಾಳಲಾರದಷ್ಟು ಕೆಲಸ ಹೇರಿ ಅದನ್ನು ತಾಳಿಕೊಳ್ಳುವ ಕಲೆ ಕಲಿಸುವುದು, ಶಕ್ತಿಗೆ ತಕ್ಕ ಕೆಲಸ ಕೊಡು ಎಂದ ಸಿಗಾಲೋವಾದಕ್ಕೆ ತದ್ವಿರುದ್ಧ. ಹೋಗಬೇಕೆನ್ನಿಸಿದ ಮ್ಯಾನೇಜರು ಸ್ವಂತ ಇಚ್ಛೆಯಿಂದ, ಸ್ವಂತ ರಜೆಯಲ್ಲಿ ಹೋಗಲಿ. ಕಂಪನಿ ಮಾಡಬಹುದಾದ ಉಪಕಾರವೆಂದರೆ ಆ ಹತ್ತು ದಿನ ಅವರ ರಜೆಗೆ ಅಡ್ಡಿಮಾಡದಿರುವುದು.

ಪವಾರಣೆ

ಐದನೆಯ ದಾರಿಯಾದ ಕುಂದು ಹೇಳುವ ಸಭೆಗೆ ಬೌದ್ಧ ಪರಂಪರೆಯಲ್ಲೇ ಒಂದು ಮಾದರಿಯಿದೆ. ಕೆಲವು ಭಿಕ್ಷುಗಳು ಕೋಸಲದಲ್ಲಿ ಒಂದು ಮಳೆಗಾಲ ಕಳೆದಾಗ ಜಗಳವಾಗದಿರಲೆಂದು ಮೂರು ತಿಂಗಳೂ ಒಬ್ಬರೊಡನೊಬ್ಬರು ಮಾತನಾಡದಿರುವ ಒಪ್ಪಂದ ಮಾಡಿಕೊಂಡರು, ನೆಮ್ಮದಿಯಾಗಿ ಕಳೆದೆವೆಂದು ಬುದ್ಧನಿಗೆ ವರದಿಯನ್ನೂ ಒಪ್ಪಿಸಿದರು. ಬುದ್ಧ ಮೆಚ್ಚಲಿಲ್ಲ; ದನಕುರಿಗಳ ಹಾಗೆ ಬಾಳಿ ನೆಮ್ಮದಿ ಎನ್ನುತ್ತೀರಲ್ಲ ಎಂದು ಗದರಿಸಿ, ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನೆಲೆಸುವ ವರ್ಷಾವಾಸದ ಕೊನೆಯಲ್ಲಿ ಪವಾರಣೆ ಎಂಬ ವಿಧಿಯನ್ನು ಗೊತ್ತುಮಾಡಿದ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗದಲ್ಲಿ ಈ ಕಥೆಯಿದೆ. ವಿಧಿಯ ಪ್ರಕಾರ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕುಳಿತು, ನನ್ನಲ್ಲಿ ನೀವು ಕಂಡ, ಕೇಳಿದ ಅಥವಾ ಸಂದೇಹಪಟ್ಟ ತಪ್ಪನ್ನು ಅನುಕಂಪದಿಂದ ಹೇಳಿ, ಕಂಡುಕೊಂಡರೆ ತಿದ್ದಿಕೊಳ್ಳುತ್ತೇನೆ ಎಂದು ಮೂರು ಬಾರಿ ಕೇಳಿಕೊಳ್ಳುತ್ತಾನೆ. ಆರಂಭಿಸುವುದು ಎಲ್ಲರಿಗಿಂತ ಹಿರಿಯ. ಸಾವತ್ಥಿಯಲ್ಲಿ ಒಮ್ಮೆ ಸ್ವತಃ ಬುದ್ಧನೇ ಐನೂರು ಭಿಕ್ಷುಗಳ ಮುಂದೆ, ನನ್ನ ನಡೆಯಲ್ಲಿ ನುಡಿಯಲ್ಲಿ ಆಕ್ಷೇಪಿಸುವಂಥದ್ದೇನಾದರೂ ಇದೆಯೇ ಎಂದು ಕೇಳಿದ್ದನ್ನು ಸಂಯುತ್ತನಿಕಾಯ ದಾಖಲಿಸಿದೆ.

ಕಂಪನಿಯೊಳಗಿನ ತಂಡವೊಂದು ಮೇಲೆ ಹೇಳಿದ ಸಮಾನರ ವೃತ್ತವನ್ನು ತನ್ನೊಳಗೇ ನಡೆಸಲು ಹೊರಟರೆ ಸೋಲುವುದು ಖಚಿತ, ಏಕೆಂದರೆ ಅಲ್ಲಿ ಸಮಾನರೇ ಇರುವುದಿಲ್ಲ. ಬಡ್ತಿಯ ಕಡತ ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಅಂಥ ತಂಡಕ್ಕೆ ಪವಾರಣೆಯ ಮಾದರಿಯೇ ಹೊಂದುತ್ತದೆ. ಹೆಸರು ಮುಚ್ಚಿ ಅಂಕ ಕೊಡಿಸುವ ಈಗಿನ ಮೌಲ್ಯಮಾಪನಕ್ಕಿಂತ ಇದು ಹಲವು ವಿಧದಲ್ಲಿ ಬೇರೆ. ಕೇಳಿಸಿಕೊಳ್ಳಬೇಕಾದವನೇ ಆಹ್ವಾನ ಕೊಡುತ್ತಾನೆ. ಮೇಲಧಿಕಾರಿ ಮೊದಲು ಕೂರುತ್ತಾನೆ. ಸಂದೇಹವನ್ನೂ ಸಂದೇಹವೆಂದೇ ಹೇಳಲು ಜಾಗವಿದೆ. ಹೇಳುವವರಿಗೂ ಪಾಲಿ ಗ್ರಂಥಗಳು ಐದು ಕಟ್ಟುಗಳನ್ನು ಹಾಕಿವೆ: ಸಕಾಲದಲ್ಲಿ, ನಿಜವಾದದ್ದನ್ನು, ಮೃದುವಾಗಿ, ಹಿತವಾಗುವಂತೆ, ಮೈತ್ರಿಯ ಮನಸ್ಸಿನಿಂದ. ತಂಡದ ಮುಖ್ಯಸ್ಥರು ತಾವು ಮೊದಲು ಕೂರಲು ಒಪ್ಪದಿದ್ದರೆ ಈ ದಾರಿಯನ್ನು ಆರಿಸಲೇಬಾರದು. ಕಿರಿಯರನ್ನು ಮಾತ್ರ ಕೂರಿಸಿದರೆ ಅದು ವಿಚಾರಣೆ.

ಯಾರಿಗೆ ಯಾವುದು

ಮೊದಲ ಬಾರಿ ತಂಡ ನಡೆಸುವವರಿಗೆ ಓದುವ ಬಳಗ, ಹೊಸ ಜ್ಞಾನಕ್ಷೇತ್ರದ ಹೊಣೆ ಹೊರುವವರಿಗೆ ಪ್ರಕರಣ ಚರ್ಚೆ, ವರ್ಷಗಳಿಂದ ಅದೇ ತೊಡಕಿನಲ್ಲಿ ಸುತ್ತುತ್ತಿರುವ ಅನುಭವಿಗಳಿಗೆ ಸಮಾನರ ವೃತ್ತ, ಒಳಗೊಳಗೇ ಮಾತು ನಿಂತುಹೋದ ತಂಡಕ್ಕೆ ಪವಾರಣೆ. ಸಣ್ಣ ಉದ್ಯಮದ ಮಾಲೀಕರಿಗೂ ವೃತ್ತವೇ ಸರಿ, ಏಕೆಂದರೆ ಅವರಿಗೆ ಎದುರು ಪ್ರಶ್ನೆ ಹಾಕುವವರು ಸ್ವಂತ ಸಂಸ್ಥೆಯಲ್ಲಿ ಇರುವುದೇ ಇಲ್ಲ. ಎರಡನ್ನು ಕೂಡಿಸಬೇಕೆಂದರೆ ವೃತ್ತಕ್ಕೆ ಓದನ್ನು ಸೇರಿಸಬಹುದು, ಪ್ರತಿ ಸಭೆಯ ಮೊದಲ ಕಾಲು ಗಂಟೆ ಒಂದು ಚಿಕ್ಕ ಸುತ್ತ ಓದಿದರೆ ಸಾಕು. ವೃತ್ತಕ್ಕೆ ಪವಾರಣೆಯನ್ನು ಮಧ್ಯದಲ್ಲೇ ಸೇರಿಸಬಾರದು. ಪರಸ್ಪರ ಪರಿಚಯ ಗಟ್ಟಿಯಾಗುವ ಮೊದಲು ತಪ್ಪು ಹೇಳಲು ತೊಡಗಿದರೆ ಬರುವವರು ಕಡಿಮೆಯಾಗುತ್ತಾರೆ.

ಕಾಲದ ವಿಷಯದಲ್ಲಿ ವರ್ಷಾವಾಸದ ಲೆಕ್ಕ ನಮಗೆ ಅನುಕೂಲವಾಗಿಯೇ ಇದೆ. ಆಷಾಢ ಹುಣ್ಣಿಮೆಯ ಮರುದಿನದಿಂದ ಆಶ್ವಯುಜ ಹುಣ್ಣಿಮೆಯವರೆಗಿನ ಮೂರು ತಿಂಗಳು ಹೆಚ್ಚುಕಡಿಮೆ ಹಣಕಾಸು ವರ್ಷದ ಎರಡನೆಯ ತ್ರೈಮಾಸಿಕಕ್ಕೆ ಹೊಂದುತ್ತವೆ. ಮಾರ್ಚಿನ ಒತ್ತಡವೂ ಇಲ್ಲ, ದೀಪಾವಳಿಯ ರಜೆಯೂ ಬಂದಿರುವುದಿಲ್ಲ. ಸ್ಥಳದ ಆಯ್ಕೆಯೂ ಸಣ್ಣ ಮಾತಲ್ಲ. ವೈಟ್‌ಫೀಲ್ಡಿನವರನ್ನು ಸಂಜೆ ಪೀಣ್ಯಕ್ಕೆ ಕರೆದರೆ ಎರಡನೆಯ ಸಭೆಗೆ ಯಾರೂ ಬರುವುದಿಲ್ಲ. ನೇರಳೆ ಮತ್ತು ಹಸಿರು ಮೆಟ್ರೋ ಮಾರ್ಗಗಳು ಕೂಡುವ ಮೆಜೆಸ್ಟಿಕ್ ಸುತ್ತಮುತ್ತ, ಗಾಂಧಿನಗರದಲ್ಲೋ ಶೇಷಾದ್ರಿಪುರದಲ್ಲೋ ಒಂದು ಕೋಣೆ ಹಿಡಿದರೆ ಎಲ್ಲ ದಿಕ್ಕಿನವರಿಗೂ ಸಮನಾದ ಕಷ್ಟ. ಯಾರ ಕಂಪನಿಯ ಕಟ್ಟಡದಲ್ಲೂ ಸೇರಬೇಡಿ, ಅತಿಥೇಯರ ಮಾತಿಗೆ ತಾನಾಗಿ ತೂಕ ಬಂದುಬಿಡುತ್ತದೆ.

ಮಾನವ ಸಂಪನ್ಮೂಲ ವಿಭಾಗ ಖರ್ಚು ಕೊಡುತ್ತಿದ್ದರೆ ಅದಕ್ಕೆ ಒಪ್ಪಿಸಬೇಕಾದ ಲೆಕ್ಕವನ್ನು ಮೊದಲೇ ಬರೆದು ಗೊತ್ತುಮಾಡಿಕೊಳ್ಳಬೇಕು: ಸಭೆ ನಡೆಯಿತೇ, ಎಷ್ಟು ಮಂದಿ ಬಂದರು, ಗೊತ್ತುಮಾಡಿಕೊಂಡ ಕೆಲಸಗಳಲ್ಲಿ ಎಷ್ಟು ಆದವು. ಅದರಾಚೆಗೆ ಏನೂ ಇಲ್ಲ. ಮೊದಲ ಸಭೆಯ ನಂತರ ಹೊಸಬರನ್ನು ಸೇರಿಸಿಕೊಳ್ಳದಿರುವುದು ಒಳ್ಳೆಯದು, ಬಿಟ್ಟುಹೋದವರ ಜಾಗ ಖಾಲಿಯೇ ಇರಲಿ. ಸಂಘವಾಗಿ ಪವಾರಣೆ ಮಾಡಲು ವಿನಯ ಕನಿಷ್ಠ ಐವರನ್ನು ಕೇಳುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಪರಸ್ಪರ ಹೇಳಿಕೊಳ್ಳುವ ಸರಳ ಕ್ರಮ ಕೊಡುತ್ತದೆ. ವೃತ್ತವೂ ಹಾಗೆಯೇ ಮೂವರಿಗೆ ಇಳಿದರೂ ನಡೆದೀತು; ಇಬ್ಬರೇ ಉಳಿದರೆ ಲೆಕ್ಕ ಮುಗಿಸಿ ಮುಂದಿನ ಆಷಾಢಕ್ಕೆ ಹೊಸ ವೃತ್ತ ಕಟ್ಟಬಹುದು.